ಭಾನುವಾರದ ಕಾರು, ನಾಲ್ಕು ಗಾಜಿನ ಕೊಳವೆ

ಡೊಂಬಿವಿಲಿಯಲ್ಲಿ ಮನೆ, ಮುಂಬಯಿಯಲ್ಲಿ ಕಚೇರಿ ಎಂದಮೇಲೆ ವಾರವೆಲ್ಲ ಲೋಕಲ್ ಗಾಡಿಯೇ ಗತಿ. ಕಾರು ಇದ್ದರೂ ಅದು ಭಾನುವಾರದ ಸೊತ್ತು. ನಮ್ಮ ಸಂಘದ ಎಷ್ಟೋ ಸದಸ್ಯರ ಮನೆಯ ಕಥೆಯೂ ಇದೇ ಆದ್ದರಿಂದ, ಈ ಸಲ ನನ್ನ ಗಾಡಿಯ ಕಾಯಿಲೆಯ ವರದಿಯನ್ನೇ ಓದುಗರ ಮುಂದಿಡುತ್ತಿದ್ದೇನೆ.

ಗಾಡಿಗೆ 11 ವರ್ಷ. ಕಳೆದ ಬೇಸಿಗೆಯಲ್ಲಿ, ಬೆಳಿಗ್ಗೆ ಚಾಲೂ ಮಾಡಿದೊಡನೆ ಚಳಿಜ್ವರ ಬಂದವನಂತೆ ನಡುಗತೊಡಗಿತು. ಲೀಟರಿಗೆ 15 ಕಿಲೋಮೀಟರು ಓಡುತ್ತಿದ್ದದ್ದು 12ಕ್ಕೆ ಇಳಿಯಿತು. ಗ್ಯಾರೇಜಿನವನು ಬಾನೆಟ್ ಎತ್ತಿ, ಎರಡು ನಿಮಿಷ ಕಿವಿಗೊಟ್ಟು ಕೇಳಿ, "ಸಾಹೇಬ್, ನಾಲ್ಕೂ ಇಂಜೆಕ್ಟರ್ ಹೋಗಿವೆ. ಹೊಸವನ್ನೇ ಹಾಕಬೇಕು, 14,000 ಆಗುತ್ತದೆ" ಎಂದ. ಮಗಳ ಶಾಲೆಯ ಫೀಸಿಗೆಂದು ತೆಗೆದಿಟ್ಟ ಹಣ ಹೆಚ್ಚುಕಡಮೆ ಅಷ್ಟೇ ಇತ್ತು. ನಾನು ಹೂಂ ಎನ್ನುವುದರಲ್ಲಿದ್ದೆ. "ಕಚೇರಿಯಲ್ಲಿ ಟಿಪ್ಪಣಿಯಿಲ್ಲದ ಕಡತವನ್ನು ಮೇಲಕ್ಕೆ ಕಳಿಸುತ್ತೀರೇನು? ಇಲ್ಲಿ ಮಾತ್ರ ಯಾಕೆ ಹಾಗೆ?" ಎಂದು ಮನೆಯವಳು ಕೇಳಿದಳು. ಉತ್ತರ ಹೊಳೆಯದೆ ಒಂದು ವಾರ ತಡೆದೆ.

ನಮ್ಮ ಮೇಲಿನ ಮಹಡಿಯಲ್ಲಿ ಮಗನ ಮನೆಗೆ ಬಂದಿರುವ ಹಿರಿಯರೊಬ್ಬರಿದ್ದಾರೆ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರಖಾನೆಯಲ್ಲಿ ದುಡಿದು ನಿವೃತ್ತರಾದವರು. 1951ರಲ್ಲಿ ಸ್ಥಾಪನೆಯಾಗಿ, 2008ರಿಂದ ಬಾಷ್ ಲಿಮಿಟೆಡ್ ಎಂಬ ಹೆಸರಿನಿಂದ ನಡೆಯುತ್ತಿರುವ ಆ ಸಂಸ್ಥೆ ಡೀಸೆಲ್ ಪಂಪು, ನಾಜಲುಗಳಿಗೆ ಹೆಸರಾದದ್ದು. ಸಂಗತಿ ಕೇಳಿದೊಡನೆ ಅವರಿಗೆ ಸಿಟ್ಟೇ ಬಂತು. "ಕಿವಿಯಿಂದ ಕೇಳಿ ಇಂಜೆಕ್ಟರ್ ಕೆಟ್ಟಿದೆ ಅಂತ ಹೇಳೋಕೆ ಆತ ಏನು ಜ್ಯೋತಿಷಿಯೇನಪ್ಪಾ? ಅಳೆಯದೆ ಯಾವುದನ್ನೂ ಬದಲಾಯಿಸಬೇಡ" ಎಂದರು.

ಆ ಸಂಜೆ ಅವರು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಕುರ್ಲಾದಲ್ಲಿ ತಯಾರಾಗುತ್ತಿದ್ದ ಪದ್ಮಿನಿ ಕಾರುಗಳಲ್ಲಿ ಕಾರ್ಬುರೇಟರ್ ಇರುತ್ತಿತ್ತು; ಕಸ ಸಿಕ್ಕಿದರೆ ಟ್ಯಾಕ್ಸಿಯವನು ರಸ್ತೆಯ ಬದಿಯಲ್ಲೇ ಅದರ ಜೆಟ್ ಬಿಚ್ಚಿ ಬಾಯಿಂದ ಊದಿ ಮತ್ತೆ ಕೂಡಿಸುತ್ತಿದ್ದ. ಆ ಟ್ಯಾಕ್ಸಿಗಳೂ 2023ರ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆಯಿಂದ ಮರೆಯಾದವು. ಈಗಿನ ಇಂಜೆಕ್ಟರ್ ಎಂಬುದು ಬೆರಳುದ್ದದ, ವಿದ್ಯುತ್ತಿನಿಂದ ತೆರೆದು ಮುಚ್ಚುವ ನಲ್ಲಿ. ಗಾಡಿ ನಿಂತಲ್ಲೇ ಗುರುಗುಟ್ಟುವಾಗಲೂ ನಿಮಿಷಕ್ಕೆ ಸುಮಾರು 400 ಸಲ, ಪ್ರತಿ ಸಲವೂ ಸೆಕೆಂಡಿನ ಸಾವಿರದ ಎರಡು ಮೂರು ಪಾಲಿನಷ್ಟು ಹೊತ್ತು ತೆರೆದು, ಪೆಟ್ರೋಲನ್ನು ಮಂಜಿನಂತೆ ಚಿಮುಕಿಸುತ್ತದೆ. ಅದರ ತುದಿಯ ರಂಧ್ರದಲ್ಲಿ ಜಿಡ್ಡು ಕಟ್ಟಿದರೆ ಲೆಕ್ಕ ತಪ್ಪುತ್ತದೆ. ಜಿಡ್ಡು ಕಟ್ಟುವುದು ಯಾವಾಗ? ಓಡುವಾಗಲ್ಲ, ನಿಲ್ಲಿಸಿದ ಮೇಲೆ! ಬಿಸಿಯಾದ ಎಂಜಿನನ್ನು ಆರಿಸಿದಾಗ ತುದಿಯಲ್ಲಿ ಉಳಿದ ಹನಿ ಪೆಟ್ರೋಲು ಆರಿ ಗೋಂದಾಗುತ್ತದೆ. ಹತ್ತು ನಿಮಿಷ ಓಡಿಸಿ ನಿಲ್ಲಿಸುವುದು, ಮತ್ತೆ ವಾರಗಟ್ಟಲೆ ಬಿಡುವುದು, ಇದೇ ಅದಕ್ಕೆ ದೊಡ್ಡ ಶತ್ರು. ಸಾಲದ್ದಕ್ಕೆ ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥೆನಾಲ್. ಅದಕ್ಕೆ ಗಾಳಿಯ ತೇವವನ್ನು ಹೀರುವ ಸ್ವಭಾವ. ನಮ್ಮ ಕಡೆಯ ಮಳೆಗಾಲವನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಜೋಪಾನವಾಗಿ ಹೊದಿಕೆ ಹೊದಿಸಿ ನಿಲ್ಲಿಸಿ ನಾನೇ ಅದನ್ನು ಕೆಡಿಸಿದ್ದೆ ಎಂದಾಯಿತು.

ಮುಂದಿನ ಶನಿವಾರ ಶಿಳ್‌ಫಾಟಾ, ಮಹಾಪೆ ದಾಟಿ ನವಿ ಮುಂಬಯಿಯ ತುರ್ಭೆ ಕಡೆಯ ಒಂದು ಪರೀಕ್ಷಾ ಕೇಂದ್ರಕ್ಕೆ ಹೋದೆವು. ಹಿರಿಯರೂ ಹಟ ಹಿಡಿದು ಜೊತೆಗೆ ಬಂದರು. ನಾಲ್ಕನ್ನೂ ಬಿಚ್ಚಿ ಒಂದು ಯಂತ್ರಕ್ಕೆ ಸಿಕ್ಕಿಸಿದರು. ಕೆಳಗೆ ಗುರುತು ಕೊರೆದ ನಾಲ್ಕು ಗಾಜಿನ ಕೊಳವೆ. ಗುಂಡಿ ಒತ್ತಿದೊಡನೆ ಮೂರರಿಂದ ಮಂಜು ಕವಿಯಿತು. ನಾಲ್ಕನೆಯದು ಮಾತ್ರ ಕೆಟ್ಟ ನಲ್ಲಿಯಂತೆ ಒಂದೇ ಎಳೆಯಾಗಿ ಸುರಿಯಿತು. ಕೊಳವೆಗಳಲ್ಲಿ ಕಂಡದ್ದು 52, 51, 52 ಮತ್ತು 41 ಮಿಲಿಲೀಟರು. ನಾಲ್ಕೂ ಹೋಗಿವೆ ಎಂದವನ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕೇ? ಆಮೇಲೆ ಮುಚ್ಚಿಟ್ಟು ಒತ್ತಡವನ್ನಷ್ಟೇ ಕೊಟ್ಟು, ಯಾವುದಾದರೂ ತೊಟ್ಟಿಕ್ಕುತ್ತದೆಯೇ ಎಂದು ನೋಡಿದರು. ಯಾವುದೂ ತೊಟ್ಟಿಕ್ಕಲಿಲ್ಲ.

ಬಳಿಕ ನಮ್ಮ ಕಿವಿಗೆ ಕೇಳಿಸದ ಧ್ವನಿಯ ಕಂಪನದಿಂದ ಜಿಡ್ಡು ಬಿಡಿಸುವ ಔಷಧದ ತೊಟ್ಟಿಯಲ್ಲಿ ಇಪ್ಪತ್ತು ನಿಮಿಷ ಸ್ನಾನ. ಮತ್ತೆ ಅಳೆದಾಗ ನಾಲ್ಕನೆಯದೂ 51ಕ್ಕೆ ಬಂದಿತ್ತು. ರಬ್ಬರಿನ ಬಳೆಗಳನ್ನೂ ಒಳಗಿನ ಪುಟ್ಟ ಜಾಲರಿಗಳನ್ನೂ ಹೊಸದಾಗಿ ಹಾಕಿದರು. ಹಳೆಯ ಬಳೆಯನ್ನೇ ಕೂಡಿಸಿ ಕಳಿಸುವವರೂ ಉಂಟು. ಅಲ್ಲಿ ಪೆಟ್ರೋಲು ಒಸರಿದರೆ ಬೆಂಕಿಯ ಭಯ, ಆದ್ದರಿಂದ ಇದನ್ನು ಕೇಳಿಯೇ ಮಾಡಿಸಬೇಕು. ಬಿಚ್ಚಿ ಜೋಡಿಸಿದ ಕೂಲಿ ಸೇರಿ ಒಟ್ಟು 2,200 ರೂಪಾಯಿ.

ಕೆಲಸ ನಡೆಯುತ್ತಿದ್ದಾಗ ಹಿರಿಯರು ಪಕ್ಕದ ಮೇಜಿನ ಬಳಿ ನಿಂತುಬಿಟ್ಟಿದ್ದರು. ಅಲ್ಲಿ ಹುಡುಗನೊಬ್ಬ ಹಳೆಯ ಲಾರಿಯ ಡೀಸೆಲ್ ನಾಜಲನ್ನು ಕೈಪಂಪಿನಿಂದ ಒತ್ತಿ ನೋಡುತ್ತಿದ್ದ. ಸರಿಯಾದ ನಾಜಲು ಚಿಮ್ಮುವಾಗ ಕರಕರ ಎಂದು ಸದ್ದು ಮಾಡಬೇಕಂತೆ. "ಇದು ಮಾತಾಡ್ತಾ ಇದೆ ನೋಡು" ಎಂದು ಅವರು ಕನ್ನಡದಲ್ಲೇ ಹೇಳಿದರು. ಹುಡುಗನಿಗೆ ಅರ್ಥವಾಯಿತೋ ಇಲ್ಲವೋ, ನಕ್ಕ. ಆ ಚಿಮ್ಮುವ ಡೀಸೆಲಿಗೆ ಬೆರಳು ಅಡ್ಡ ಹಿಡಿದರೆ ಚರ್ಮವನ್ನೇ ತೂರಿ ಒಳಹೊಗುತ್ತದೆ, ಮಕ್ಕಳನ್ನು ಹತ್ತಿರ ಬಿಡಬಾರದು ಎಂದೂ ಎಚ್ಚರಿಸಿದರು. ಹೊಸ ಡೀಸೆಲ್ ಗಾಡಿಗಳಲ್ಲಂತೂ ಒತ್ತಡ ಇನ್ನೂ ಬಹಳ ಹೆಚ್ಚು. ಇಂಜೆಕ್ಟರ್ ಬದಲಿಸಿದರೆ ಅದರ ಮೇಲಿನ ಅಂಕಿಗಳನ್ನು ಗಾಡಿಯ ಕಂಪ್ಯೂಟರಿಗೆ ತಿಳಿಸಬೇಕಾದವೇ ಹೆಚ್ಚು. ಅದು ಬೇರೆಯೇ ಪುರಾಣ.

ಗಾಡಿ ಪೂರ್ತಿ ಗುಣವಾಯಿತೇ ಎಂದರೆ, ಅದೂ ಇಲ್ಲ. ನಡುಕ ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಪಾಲು ಹೋದದ್ದು ಮರುವಾರ ಸವೆದ ಸ್ಪಾರ್ಕ್ ಪ್ಲಗ್‌ಗಳನ್ನು ಬದಲಿಸಿದ ಮೇಲೆ. ಮೊದಲು ಪ್ಲಗ್ ನೋಡಿ, ಆಮೇಲೆ ಇಂಜೆಕ್ಟರ್ ಬಿಚ್ಚಿಸಬೇಕಿತ್ತು ಎಂದು ಹಿರಿಯರು ತಮ್ಮನ್ನೇ ಬೈದುಕೊಂಡರು.

ಶುಲ್ಕ ಸಕಾಲದಲ್ಲಿ ಕಟ್ಟಿಯಾಯಿತು. ಈಗ ಭಾನುವಾರ ತರಕಾರಿ ಮಾರುಕಟ್ಟೆಗೆ ಕಾರು ಹೊರಡುವುದಿಲ್ಲ, ಅಲ್ಲಿಗೆ ನಡಿಗೆಯೇ. ಕಾರು ಹೊರಟರೆ ಟಿಟ್ವಾಳದ ಗಣಪತಿಯವರೆಗಾದರೂ ಹೋಗಿಬರುತ್ತದೆ. ತೊಳೆಯುವ ಮೊದಲಿನ ನಾಲ್ಕು, ಆಮೇಲಿನ ನಾಲ್ಕು, ಹೀಗೆ ಎಂಟು ಅಂಕಿಗಳನ್ನು ಬರೆದುಕೊಟ್ಟ ಚೀಟಿಯನ್ನು ಮನೆಯವಳು ವಿಮೆಯ ಕಾಗದಗಳ ಜೊತೆ ಕಡತಕ್ಕೆ ಸೇರಿಸಿದ್ದಾಳೆ.