ಬೂಷ್ಟು ಹಿಡಿದ ಹುಲ್ಲೂ ಹುಲ್ಲುಮನೆಯ ಶುದ್ಧಿಯೂ

ಹಳಿಯಾಳ, ಮುಂಡಗೋಡ ಸೀಮೆಯಲ್ಲಿ ಭತ್ತದ ಕೊಯ್ಲು ಮುಗಿದು ಕಣದ ಕೆಲಸ ಸಾಗುವ ದಿವಸಗಳಲ್ಲಿ ಯಜಮಾನರ ಲಕ್ಷ್ಯವೆಲ್ಲವೂ ಕಾಳಿನ ಕಡೆಗೇ ಇರುವುದು ಸಹಜವು. ಕಾಳನ್ನು ತೂರಿಸಿ, ಒಣಗಿಸಿ, ಬೀಗದೊಳಗಿಡುವ ಅವರು ಹುಲ್ಲು ಒಟ್ಟುವ ಕೆಲಸವನ್ನು ಮಾತ್ರ ಆಳುಗಳಿಗೆ ಬಿಟ್ಟು ಮನೆಗೆ ತೆರಳುವರು. ಆ ಹುಲ್ಲೇ ಮುಂದಿನ ಮಳೆಗಾಲದ ವರೆಗೆ ದನಕರುಗಳ ಜೀವನಾಧಾರವೆಂಬುದನ್ನು ನೆನೆದರೆ ಈ ಉದಾಸೀನತೆಯು ಆಶ್ಚರ್ಯಕರವಾದುದು. ಜೋಯಿಡಾ, ದಾಂಡೇಲಿಯ ಕಡೆಗಂತೂ ಗದ್ದೆಗಳು ಕಿರಿದು, ಹುಲ್ಲು ಸ್ವಲ್ಪ. ೨೦೦೭ರಲ್ಲಿ ಸ್ಥಾಪಿತವಾಗಿ ೨೦೧೫ರಿಂದ ಕಾಳಿಯ ಹೆಸರನ್ನು ಪಡೆದಿರುವ ಹುಲಿ ಸಂರಕ್ಷಿತ ಪ್ರದೇಶದ ಒಳಭಾಗದಲ್ಲಿ ದನ ಮೇಯಿಸುವ ಹಿಂದಿನ ಸ್ವಾತಂತ್ರ್ಯವು ಇಲ್ಲದಿರುವುದರಿಂದ, ಬಣವೆ ಕೆಟ್ಟರೆ ಅಡವಿಯು ಸಾಕುವುದೆಂಬ ಧೈರ್ಯಕ್ಕೂ ಆಸ್ಪದವಿಲ್ಲ.

ಹುಲ್ಲು ಕೆಡುವುದಕ್ಕೆ ಮುಖ್ಯ ಕಾರಣವು ಅವಸರ. ಕಾರ್ತಿಕದಲ್ಲಿ ಅಕಾಲದ ಮಳೆ ಸುರಿಯುವುದೂ, ಮಾರ್ಗಶಿರದಲ್ಲಿ ರಾತ್ರಿಯೆಲ್ಲ ಇಬ್ಬನಿ ಬೀಳುವುದೂ ನಮಗೆ ಹೊಸದಲ್ಲ. ನೂರು ಪಾಲು ಹುಲ್ಲಿನಲ್ಲಿ ಇಪ್ಪತ್ತು ಪಾಲಿಗೆ ಮೇಲ್ಪಟ್ಟು ತೇವವಿದ್ದರೆ ಬಣವೆಯ ಹೊಟ್ಟೆಯು ಕಾಯತೊಡಗುವುದು, ಬೂಷ್ಟು ಹಬ್ಬುವುದು. ಹದಿನೈದು ಪಾಲಿನ ಒಳಗಾದರೆ ಭಯವಿಲ್ಲ. ಯಂತ್ರದಿಂದ ಕೊಯ್ಲು ಮಾಡಿಸುವವರು ಗದ್ದೆಯಲ್ಲಿ ಬಿದ್ದ ಹುಲ್ಲನ್ನು ಇಬ್ಬನಿ ಆರುವ ಮುಂಚೆಯೇ ಬಿಗಿಯಾದ ಹೊರೆಗಳಾಗಿ ಕಟ್ಟಿಸಿದರೆ ಕೇಡು ಇಮ್ಮಡಿಯಾಗುವುದು. ಹೊರೆಯ ಒಳಗೆ ಗಾಳಿಯೇ ಆಡುವುದಿಲ್ಲ. ಒಟ್ಟಿದ ವಾರದಲ್ಲಿ ಕಬ್ಬಿಣದ ಸಲಾಕೆಯೊಂದನ್ನು ಬಣವೆಯ ನಡುವಿಗೆ ಚುಚ್ಚಿ, ಅರ್ಧ ಗಂಟೆ ಬಿಟ್ಟು ಸೆಳೆದು ಮುಟ್ಟಿನೋಡಬೇಕು. ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಿದ್ದರೆ ಬಣವೆಯನ್ನು ಬಿಚ್ಚತಕ್ಕದ್ದು. ಆದರೆ ಒಳಗೆ ಬಹಳ ಕಾದ ಹುಲ್ಲು ಗಾಳಿ ತಗುಲಿದ ಕೂಡಲೆ ಹೊತ್ತಿಕೊಳ್ಳುವುದುಂಟಾದ್ದರಿಂದ ನೀರನ್ನು ಹತ್ತಿರವಿಟ್ಟುಕೊಂಡೇ ಕೈಹಾಕಬೇಕು.

ಕೆಟ್ಟ ಹುಲ್ಲನ್ನು ಏನು ಮಾಡುವುದೆಂಬಲ್ಲಿಯೇ ನಮಗೂ ಅನೇಕ ಭೂಮಾಲಕರಿಗೂ ಅಭಿಪ್ರಾಯಭೇದವಿರುವುದು. ಬಿಸಿಲಿಗೆ ಒಣಗಿಸಿದರೆ ಸರಿಹೋಗುವುದೆಂದು ಕೆಲವರೂ, ಒಳ್ಳೆಯ ಹುಲ್ಲಿನೊಡನೆ ಬೆರೆಸಿದರೆ ಬಾಧೆಯಿಲ್ಲವೆಂದು ಕೆಲವರೂ ಹೇಳುತ್ತಾರೆ. ಬಿಸಿಲು ಬೂಷ್ಟಿನ ಬೆಳವಣಿಗೆಯನ್ನು ನಿಲ್ಲಿಸುವುದೇ ಹೊರತು ಅದು ಆಗಲೇ ಹುಲ್ಲಿನಲ್ಲಿ ಬಿಟ್ಟ ವಿಷವನ್ನು ತೆಗೆಯಲಾರದು. ಕಳೆದ ಶತಮಾನದ ಮೂವತ್ತರ ದಶಕದಲ್ಲಿ ಆಗಿನ ಪಂಜಾಬದ ದೇಗ್ ನಾಲಾ ಎಂಬ ಹಳ್ಳದ ಸೀಮೆಯಲ್ಲಿ, ಚಳಿಗಾಲದಲ್ಲಿ ಎಮ್ಮೆಗಳ ಬಾಲ, ಕಿವಿ, ಗೊರಸಿನ ಮೇಲಿನ ಭಾಗಗಳು ಕೊಳೆತು ಉದುರುವ ರೋಗವು ಪ್ರಸಿದ್ಧಿಗೆ ಬಂದು, ಆ ಹಳ್ಳದ ಹೆಸರೇ ರೋಗಕ್ಕೆ ನಿಂತಿದೆ. ಫ್ಯುಸೇರಿಯಂ ಎಂಬ ಬೂಷ್ಟು ಹಿಡಿದ ಭತ್ತದ ಹುಲ್ಲನ್ನು ತಿನ್ನಿಸುವುದೇ ಅದಕ್ಕೆ ಕಾರಣವೆಂದು ಪಶುವೈದ್ಯರು ಎಣಿಸುತ್ತಾರೆ. ಆಕಳುಗಳಿಗಿಂತ ಎಮ್ಮೆಗಳಿಗೆ ಅದರ ಬಾಧೆ ಹೆಚ್ಚು. ಗೋವಿನಜೋಳದ ಕಾಳಿಗೂ ತೆನೆಗೂ ಹಿಡಿಯುವ ಇನ್ನೊಂದು ಜಾತಿಯ ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ನು ಹಾಲಿನೊಳಗೂ ಇಳಿಯುವುದು. ಹಾಲನ್ನು ಕಾಯಿಸಿದರೂ ಅದು ಹೋಗುವುದಿಲ್ಲ.

ಮೂರನೆಯ ಪದ್ಧತಿಯೊಂದುಂಟು, ಅದು ನಮಗೆ ಎಲ್ಲಕ್ಕಿಂತ ಅಪ್ರಿಯವಾದುದು. ತಮ್ಮ ಎತ್ತುಗಳಿಗೆ ಹಾಕಲು ಮನಸ್ಸೊಪ್ಪದ ಹುಲ್ಲನ್ನು ಆಳುಮಕ್ಕಳ ಒಂಟಿ ಆಕಳಿಗೋ, ಎಮ್ಮೆಗಳನ್ನೇ ನಂಬಿ ಬದುಕುವ ಗೌಳಿಗಳಿಗೋ ಕೊಟ್ಟು ಅದನ್ನು ದಾನವೆಂದು ಕರೆಯುವುದು. ಹತ್ತು ದನಗಳಿರುವ ಗೌಡರಿಗೆ ಒಂದು ಸತ್ತರೆ ನಷ್ಟ; ಒಂದೇ ಇರುವವನಿಗೆ ಸತ್ತರೆ ಸರ್ವನಾಶ. ಅಂಥ ಹುಲ್ಲನ್ನು ಕೊಡಕೂಡದು, ಮಾರಲೂ ಕೂಡದು. ಇಷ್ಟೆಲ್ಲ ಹುಲ್ಲನ್ನು ಚೆಲ್ಲುವುದೆಂತು ಎಂಬ ಆಕ್ಷೇಪಕ್ಕೆ ನಮ್ಮ ಉತ್ತರವಿಷ್ಟೇ: ಕಪ್ಪಾದ, ಬಿಳಿಯ ಪುಡಿ ಏರಿದ, ಮುಗ್ಗಲು ನಾರುವ ಭಾಗವನ್ನೂ ಅದರ ಸುತ್ತಿನ ಒಂದು ಮೊಳವನ್ನೂ ತೆಗೆದು, ಗೊಬ್ಬರದ ಗುಂಡಿಯಲ್ಲಿ ಸಗಣಿಯೊಡನೆ ಪದರುಪದರಾಗಿ ಹಾಕಿದರೆ ಅದು ಗದ್ದೆಗೇ ಹಿಂತಿರುಗುವುದು. ದನಗಳ ಕಾಲಡಿಗೆ ಮಾತ್ರ ಹಾಸಬಾರದು, ಹಸಿದ ದನವು ಹಾಸಿದ್ದನ್ನೂ ತಿನ್ನುವುದು.

ಕೆಲಸ ಮಾಡುವವರ ದೇಹಸ್ಥಿತಿಯ ವಿಷಯವೂ ಅಲಕ್ಷ್ಯಕ್ಕೆ ತಕ್ಕುದಲ್ಲ. ಬೂಷ್ಟಿನ ಧೂಳನ್ನು ಉಸಿರಾಡಿದವರಿಗೆ ನಾಲ್ಕೆಂಟು ತಾಸುಗಳ ಮೇಲೆ ಚಳಿ, ಜ್ವರ, ಒಣಕೆಮ್ಮು, ಏದುಸಿರು ಬರುವುದನ್ನು ಇಂಗ್ಲೆಂಡಿನ ವೈದ್ಯರೊಬ್ಬರು ೧೯೩೨ರಲ್ಲಿಯೇ ವರ್ಣಿಸಿದ್ದಾರೆ. ಹಿಂದೆ ಮಲೇರಿಯಾಕ್ಕೆ ಹೆಸರಾಗಿದ್ದ ನಮ್ಮ ಘಟ್ಟದ ಮೇಲಿನ ಸೀಮೆಯಲ್ಲಿ ಇದನ್ನು ಚಳಿಜ್ವರವೆಂದು ತಿಳಿದು, ಎರಡು ದಿನದ ಮೇಲೆ ಮತ್ತೆ ಅದೇ ಹುಲ್ಲುಮನೆಗೆ ಹೋಗುವವರುಂಟು. ಪದೇ ಪದೇ ಹೀಗಾದರೆ ಶ್ವಾಸಕೋಶವು ಶಾಶ್ವತವಾಗಿ ಕೆಡುವುದು. ವೈದ್ಯರ ಬಳಿಗೆ ಹೋದಾಗ ಹುಲ್ಲಿನ ಸಂಗತಿಯನ್ನು ತಪ್ಪದೆ ಹೇಳಬೇಕು.

ಪುಷ್ಯ ಮಾಘಗಳ ಒಣಹವೆಯು ಹುಲ್ಲುಮನೆಯ ಶುದ್ಧಿಗೆ ಉತ್ತಮ ಕಾಲ. ಕೆಟ್ಟ ಹುಲ್ಲಿನ ಮೇಲೆ ಮೊದಲು ನೀರು ಚಿಮುಕಿಸಿ ಧೂಳನ್ನು ಅಡಗಿಸಿ, ಮೂಗುಬಾಯಿಗಳಿಗೆ ಒಳ್ಳೆಯ ಮುಖವಸ್ತ್ರವನ್ನು ಕಟ್ಟಿಸಿ, ಗಾಳಿಗೆ ಬೆನ್ನು ಮಾಡಿ ಹೊರಗೆ ಸಾಗಿಸತಕ್ಕದ್ದು. ಉಬ್ಬಸವುಳ್ಳವರನ್ನು ಈ ಕೆಲಸಕ್ಕೆ ಕರೆಯಬಾರದು. ಹಳೆಯ ಹುಲ್ಲು ಮೂಲೆಯಲ್ಲಿ ಒಂದು ಹಿಡಿಯೂ ಉಳಿಯಬಾರದು. ಅದರ ಮೇಲೆಯೇ ಹೊಸದನ್ನು ಒಟ್ಟುವ ನಮ್ಮ ರೂಢಿಯೇ ಬೂಷ್ಟಿಗೆ ಬೀಜ. ಒಡೆದ ಹಂಚುಗಳನ್ನು ಬದಲಿಸಿ, ಇಲಿಯ ಬಿಲಗಳನ್ನು ಮುಚ್ಚಿ, ಗೋಡೆಗೆ ಸುಣ್ಣ ಬಳಿದು, ಬಾಗಿಲುಗಳನ್ನು ತೆರೆದಿಟ್ಟು ಪೂರ್ಣವಾಗಿ ಒಣಗಗೊಡಬೇಕು. ಆ ಮೇಲೆ ನೆಲದಿಂದ ಒಂದು ಮೊಳ ಎತ್ತರಕ್ಕೆ ಕಲ್ಲಿಟ್ಟು, ಬಿದಿರು ಹಾಸಿ, ಗೋಡೆಗೂ ಹುಲ್ಲಿಗೂ ನಡುವೆ ಒಬ್ಬ ಮನುಷ್ಯನು ನುಸುಳುವಷ್ಟು ಸಂದು ಬಿಟ್ಟು ಒಟ್ಟಿಸುವುದು. ಆ ದಿನ ಯಜಮಾನರು ಸ್ವತಃ ಅಲ್ಲಿ ನಿಂತು, ಪ್ರತಿಯೊಂದು ಹೊರೆಯ ನಡುವಿಗೂ ಕೈಹಾಕಿ ನೋಡಿ ಒಳಗೆ ಬಿಡಬೇಕೆಂದು ನಮ್ಮ ಸೂಚನೆ.