ಗೆದ್ದೆತ್ತಿನ ಬಾಲ ಹಿಡಿಯುವ ಮುನ್ನ

2022ರ ಸೆಪ್ಟೆಂಬರ್ 29ರಂದು ಅಮೆರಿಕದ ಲಾಸ್ ಏಂಜಲಿಸ್ ಬಳಿಯ ಹಸ್ಲರ್ ಕ್ಯಾಸಿನೊದಲ್ಲಿ ನಡೆದ ಪೋಕರ್ ಆಟದ ಒಂದೇ ಒಂದು ‘ಹ್ಯಾಂಡ್’ ಬಗ್ಗೆ ಪೋಕರ್ ಪ್ರಿಯರು ಇವತ್ತಿಗೂ ಜಗಳ ಆಡುತ್ತಾರೆ. ಎಲೆ ಹಂಚಿ, ಪಣ ಕಟ್ಟಿ, ಗೆದ್ದವರು ಹಣ ಎಳೆದುಕೊಳ್ಳುವವರೆಗಿನ ಒಂದು ಸರದಿಗೆ ಹ್ಯಾಂಡ್ ಎನ್ನುತ್ತಾರೆ. ಕೆಲವೇ ನಿಮಿಷದ ಆ ಸರದಿ ಇಬ್ಬರು ಆಟಗಾರರ ಹೆಸರಿಗೆ ಶಾಶ್ವತವಾಗಿ ಅಂಟಿಕೊಂಡಿತು.

ಒಬ್ಬರು ಗ್ಯಾರೆಟ್ ಆಡೆಲ್‌ಸ್ಟೀನ್. ಕ್ಯಾಸಿನೊ ಕ್ಯಾಶ್ ಗೇಮ್‌ಗಳಲ್ಲಿ ವರ್ಷಗಟ್ಟಲೆ ಆಡಿ ಹೆಸರು ಮಾಡಿದವರು. ಇನ್ನೊಬ್ಬರು ರಾಬಿ ಜೇಡ್ ಲ್ಯೂ, ದೊಡ್ಡ ಮೊತ್ತದ ಆಟಕ್ಕೆ ಹೊಸಬರು. ಮೇಜಿನ ಮೇಲೆ ನಾಲ್ಕು ಎಲೆ ತೆರೆದಿದ್ದವು: ಎರಡು ಹತ್ತು, ಒಂದು ಒಂಬತ್ತು, ಒಂದು ಮೂರು. ಐದನೆಯ ಎಲೆ ಬರಬೇಕಿತ್ತು. ಗ್ಯಾರೆಟ್ ಕೈಯಲ್ಲಿ ಕಳಾವರ್ ಎಂಟು ಮತ್ತು ಏಳು ಇದ್ದವು. ಅವರು ಎದುರಾಳಿಯ ಬಳಿ ಇದ್ದಷ್ಟೂ ಹಣಕ್ಕೆ ಪಣ ಕಟ್ಟಿದರು. ರಾಬಿ ಕೈಯಲ್ಲಿದ್ದದ್ದು ಗುಲಾಮ ಮತ್ತು ನಾಲ್ಕು. ತಮ್ಮದೆಂದು ಹೇಳಿಕೊಳ್ಳಲು ಒಂದು ಜೋಡಿಯೂ ಇಲ್ಲ. ಆದರೂ ಯೋಚಿಸಿ, ಉಳಿದ ಸುಮಾರು 1,09,000 ಡಾಲರ್ ಮುಂದಕ್ಕೆ ತಳ್ಳಿದರು. ಕೊನೆಯ ಎಲೆಯನ್ನು ಎರಡು ಸಲ ತೆರೆಯಲು ಇಬ್ಬರೂ ಒಪ್ಪಿದರು. ಎರಡು ಸಲವೂ ರಾಬಿ ಗೆದ್ದರು. ಒಟ್ಟು ಮೊತ್ತ 2,69,000 ಡಾಲರ್.

ಆಮೇಲೆ ನಡೆದದ್ದು ಪೋಕರ್ ಅಲ್ಲ, ಪಂಚಾಯ್ತಿ. ಇಷ್ಟು ಕೆಟ್ಟ ಎಲೆ ಹಿಡಿದು ಯಾರೂ ಇಷ್ಟು ಹಣ ಕಟ್ಟುವುದಿಲ್ಲ, ಇದು ಮೋಸ ಎಂದು ಒಂದು ಗುಂಪು. ಸೋತದ್ದಕ್ಕೆ ಸಂಕಟಪಡುತ್ತಿದ್ದಾರೆ ಎಂದು ಇನ್ನೊಂದು ಗುಂಪು. ರಾಬಿ 1,35,000 ಡಾಲರ್ ಹಿಂದಿರುಗಿಸಿದರು. ಕೈಯಲ್ಲಿ ಗುಲಾಮ ಮತ್ತು ಮೂರು ಇದೆ ಎಂದುಕೊಂಡಿದ್ದೆ ಎಂದೂ ಹೇಳಿದರು. ಕಾರ್ಯಕ್ರಮ ನಡೆಸುವವರು ಮಾಡಿಸಿದ ತನಿಖೆ ಆ ವರ್ಷದ ಡಿಸೆಂಬರ್‌ನಲ್ಲಿ ಮುಗಿಯಿತು. ಮೋಸಕ್ಕೆ ನಂಬಬಹುದಾದ ಪುರಾವೆ ಸಿಗಲಿಲ್ಲ. ಆದರೆ ಜನ ಆ ಹೊತ್ತಿಗಾಗಲೇ ತೀರ್ಪು ಬರೆದು ಮುಗಿಸಿದ್ದರು. ಒಬ್ಬರ ಪಾಲಿಗೆ ರಾಬಿ ಏನೂ ಬಾರದ ಆಟಗಾರ್ತಿ, ಇನ್ನೊಬ್ಬರ ಪಾಲಿಗೆ ಗ್ಯಾರೆಟ್ ಸುಮ್ಮನೆ ಊದಿಸಿದ ಹೆಸರು.

ನನ್ನ ತಕರಾರು ಇರುವುದು ಈ ತೀರ್ಪುಗಳ ಬಗ್ಗೆ. ಒಂದು ಹ್ಯಾಂಡ್ ನೋಡಿ, ಒಂದು ರಾತ್ರಿ ನೋಡಿ, ಒಂದು ತಿಂಗಳು ನೋಡಿ ಕೂಡ ಪೋಕರ್ ಆಟಗಾರರ ಕೌಶಲ ಅಳೆಯಲು ಆಗುವುದಿಲ್ಲ. ಇದು ಅಭಿಪ್ರಾಯಕ್ಕಿಂತ ಹೆಚ್ಚಾಗಿ ಲೆಕ್ಕದ ಮಾತು.

ಮೊದಲು ಆ ಹ್ಯಾಂಡನ್ನೇ ಎಣಿಸೋಣ. 52 ಎಲೆಗಳಲ್ಲಿ ಇಬ್ಬರ ಕೈಯ ನಾಲ್ಕು, ಮೇಜಿನ ನಾಲ್ಕು ಕಳೆದರೆ ಉಳಿದದ್ದು 44. ಅದರಲ್ಲಿ ಗ್ಯಾರೆಟ್ ಗೆಲ್ಲುವ ಎಲೆಗಳು: ಉಳಿದ 8 ಕಳಾವರ್, ಬೇರೆ ಬಣ್ಣದ 3 ಗುಲಾಮ, 3 ಆರು, 3 ಏಳು, 3 ಎಂಟು. ಒಟ್ಟು 20. ಮಿಕ್ಕ 24 ಎಲೆಗಳಲ್ಲಿ ಯಾವುದು ಬಂದರೂ ಗೆಲುವು ರಾಬಿಯದು. ಅಂದರೆ ‘ಏನೂ ಇಲ್ಲದ’ ಕೈ ಶೇ 54ರಷ್ಟು ಮುಂದಿತ್ತು! ಎರಡು ಸಲವೂ ಗೆಲ್ಲುವ ಸಾಧ್ಯತೆ ಶೇ 29. ನೂರಕ್ಕೆ ಇಪ್ಪತ್ತೊಂಬತ್ತು ಸಲ ಆಗುವುದನ್ನು ಪವಾಡ ಎನ್ನಲಾಗದು.

ಹಾಗಾದರೆ ರಾಬಿ ಆಡಿದ್ದು ಸರಿಯೇ? ಅಲ್ಲ. ಈ ಲೆಕ್ಕ ನಮಗೆ ಸಿಕ್ಕಿದ್ದು ಎರಡೂ ಕೈ ನಮಗೆ ಕಾಣುವುದರಿಂದ. ಆ ಮೇಜಿನ ಮೇಲೆ ಎಲೆ ಗುರುತಿಸುವ ಸಾಧನವಿರುತ್ತದೆ, ನೋಡುಗರಿಗೆ ಎಲ್ಲರ ಎಲೆಯೂ ಪರದೆಯ ಮೇಲೆ ಬರುತ್ತದೆ. ಆಡುವವರಿಗೆ ತಮ್ಮ ಎರಡು ಎಲೆ ಮಾತ್ರ ಗೊತ್ತು. ಗ್ಯಾರೆಟ್ ಬಳಿ ಆಗ ಹತ್ತು ಇರಬಹುದಿತ್ತು, ಒಂಬತ್ತು ಇರಬಹುದಿತ್ತು, ದೊಡ್ಡದೊಂದು ಜೋಡಿ ಇರಬಹುದಿತ್ತು. ಇವೆಲ್ಲದರ ಎದುರು ಗುಲಾಮ ಮಣ್ಣು ಮುಕ್ಕುತ್ತದೆ. ಹಾಗಾಗಿ ನಿರ್ಧಾರ ದುರ್ಬಲ, ಫಲಿತಾಂಶ ಒಳ್ಳೆಯದು. ಈ ಎರಡನ್ನು ಬೇರೆ ಬೇರೆ ಇಟ್ಟು ನೋಡದಿದ್ದರೆ ಯಾವ ಆಟಗಾರರನ್ನೂ ಅಳೆಯಲಾಗದು. ಇತ್ತ ಗ್ಯಾರೆಟ್ 20 ಎಲೆಗಳ ಬೆಂಬಲ ಇಟ್ಟುಕೊಂಡು, ಎದುರಾಳಿ ಹೆದರಿ ಎಲೆ ಬಿಸಾಡಲಿ ಎಂದು ಒತ್ತಡ ಹಾಕಿದ್ದರು. ಸೋತರು ಎಂಬುದನ್ನು ಬಿಟ್ಟರೆ ಅದರಲ್ಲಿ ದಡ್ಡತನ ಕಾಣುವುದಿಲ್ಲ.

ಒಂದು ಹ್ಯಾಂಡ್ ಸಾಲದು, ಸರಿ. ಎಷ್ಟು ಸಾಕು? ಬಿ.ಇ. ಗಣಿತದಲ್ಲಿ ಕಲಿಸುವ ಮಾನಕ ವಿಚಲನೆಯನ್ನು ಇಲ್ಲಿಗೆ ತರಬಹುದು. ಎಲೆ ಬೀಳುವ ಮೊದಲೇ ಕಟ್ಟಬೇಕಾದ ಕಡ್ಡಾಯ ಪಣಕ್ಕೆ ‘ಬಿಗ್ ಬ್ಲೈಂಡ್’ ಎಂದು ಹೆಸರು. ಗೆಲುವು ಸೋಲನ್ನು ಅದರ ಲೆಕ್ಕದಲ್ಲೇ ಹೇಳುತ್ತಾರೆ. ಒಬ್ಬ ಒಳ್ಳೆಯ ಆಟಗಾರ 100 ಹ್ಯಾಂಡ್‌ಗೆ ಸರಾಸರಿ 5 ಬಿಗ್ ಬ್ಲೈಂಡ್ ಗೆಲ್ಲುತ್ತಾನೆ, ಅಷ್ಟೇ ಹ್ಯಾಂಡ್‌ಗಳಲ್ಲಿ ಏರಿಳಿತ 90ರಷ್ಟು ಎಂದಿಟ್ಟುಕೊಳ್ಳಿ. ಕ್ಯಾಸಿನೊ ಮೇಜಿನಲ್ಲಿ ಗಂಟೆಗೆ 30 ಹ್ಯಾಂಡ್, ರಾತ್ರಿಗೆ ಐದು ಗಂಟೆ, ತಿಂಗಳಿಗೆ ಇಪ್ಪತ್ತು ರಾತ್ರಿ ಆಡಿದರೆ 3,000 ಹ್ಯಾಂಡ್ ಆಗುತ್ತದೆ. ನಿರೀಕ್ಷಿತ ಲಾಭ 150. ಏರಿಳಿತ ಮಾತ್ರ ಸುಮಾರು 493! ಅಂದರೆ ನಿಜವಾಗಿಯೂ ಆಟ ಬಲ್ಲವನೇ ನೂರು ತಿಂಗಳಲ್ಲಿ 38 ತಿಂಗಳು ನಷ್ಟದಲ್ಲಿ ಮನೆಗೆ ಹೋಗುತ್ತಾನೆ. ಅಷ್ಟೇ ಪ್ರಮಾಣದಲ್ಲಿ ಆಟ ಬಾರದವನು ಅಷ್ಟೇ ತಿಂಗಳು ಲಾಭದಲ್ಲಿ ಹೋಗುತ್ತಾನೆ. ನಿರೀಕ್ಷಿತ ಲಾಭ ಏರಿಳಿತದ ಎರಡು ಪಟ್ಟಾಗಬೇಕಾದರೆ 1,29,600 ಹ್ಯಾಂಡ್ ಬೇಕು. ಅದು 864 ರಾತ್ರಿಗಳ ಆಟ.

ಇದು ಬರೀ ಕಾಗದದ ಲೆಕ್ಕವೇ ಎಂಬ ಅನುಮಾನ ಬೇಡ. ಕಾರ್ನಿಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ‘ಕ್ಲಾಡಿಕೊ’ ಎಂಬ ಪ್ರೋಗ್ರಾಂ ಅನ್ನು ನಾಲ್ವರು ವೃತ್ತಿಪರ ಆಟಗಾರರ ಎದುರು ಕೂರಿಸಿದರು. 80,000 ಹ್ಯಾಂಡ್ ಮುಗಿದಾಗ ಮನುಷ್ಯರು ಏಳು ಲಕ್ಷಕ್ಕೂ ಹೆಚ್ಚು ಚಿಪ್ ಮುಂದಿದ್ದರು. ಆದರೂ ಸಂಖ್ಯಾಶಾಸ್ತ್ರದ ಪ್ರಕಾರ ಇದನ್ನು ಖಚಿತ ಗೆಲುವು ಎನ್ನಲಾಗದು ಎಂದರು ಸಂಶೋಧಕರು. 2017ರಲ್ಲಿ ಪಿಟ್ಸ್‌ಬರ್ಗ್‌ನ ಕ್ಯಾಸಿನೊ ಒಂದರಲ್ಲಿ ‘ಲಿಬ್ರಾಟಸ್’ ಆಡಿದಾಗ 20 ದಿನಗಳಲ್ಲಿ 1,20,000 ಹ್ಯಾಂಡ್ ಆಡಿಸಿದರು. ಅಷ್ಟೇ ಅಲ್ಲ, ಒಬ್ಬ ಆಟಗಾರನಿಗೆ ಬಂದ ಎಲೆಗಳೇ ಇನ್ನೊಂದು ಮೇಜಿನಲ್ಲಿ ಕಂಪ್ಯೂಟರಿಗೆ ಬರುವಂತೆ ಮಾಡಿ ಅದೃಷ್ಟದ ಪಾಲನ್ನು ತಗ್ಗಿಸಿದ್ದರು. ಇಷ್ಟೆಲ್ಲ ಎಚ್ಚರದ ನಂತರವೇ ಕಂಪ್ಯೂಟರ್ ಗೆದ್ದಿದೆ ಎಂದದ್ದು. ವಿಜ್ಞಾನಿಗಳು ಇಷ್ಟು ಅಂಜುವ ಕಡೆ ನಾವು ಎರಡು ನಿಮಿಷದ ವಿಡಿಯೊ ನೋಡಿ ಒಬ್ಬರನ್ನು ಜಾಣರೋ ದಡ್ಡರೋ ಮಾಡಿಬಿಡುತ್ತೇವೆ.

ಕ್ಯಾಶ್ ಗೇಮ್‌ನಲ್ಲಿ ಇನ್ನೂ ಒಂದು ತೊಡಕಿದೆ. ಟೂರ್ನಿಗಳ ಬಹುಮಾನ ಎಲ್ಲರಿಗೂ ಕಾಣುತ್ತದೆ. ಫಿಲ್ ಹೆಲ್‌ಮ್ಯೂತ್ ವಿಶ್ವ ಪೋಕರ್ ಸರಣಿಯಲ್ಲಿ 17 ಪ್ರಶಸ್ತಿ ಗೆದ್ದು ದಾಖಲೆ ಮಾಡಿದ್ದಾರೆ. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಕ್ಯಾಶ್ ಗೇಮ್ ಮೇಜಿನಲ್ಲಿ ಅವರು ಎಷ್ಟರಮಟ್ಟಿಗಿನವರು ಎಂಬ ವಾದ ಮುಗಿದೇ ಇಲ್ಲ. ಏಕೆಂದರೆ ಅಲ್ಲಿ ಯಾರು ಎಷ್ಟು ಗೆದ್ದರು, ಎಷ್ಟು ಕಳೆದುಕೊಂಡರು ಎಂಬ ಖಾತೆ ಸಾರ್ವಜನಿಕವಾಗಿ ಇರುವುದಿಲ್ಲ. ಕ್ಯಾಮೆರಾ ಎದುರಿನ ಕೆಲವು ರಾತ್ರಿ ಮಾತ್ರ ನಮಗೆ ಕಾಣುತ್ತವೆ. ಜೊತೆಗೆ, ಯಾವ ಮೇಜಿಗೆ ಕೂರಬೇಕು, ಯಾವಾಗ ಎದ್ದು ಹೋಗಬೇಕು ಎಂಬುದೂ ಕ್ಯಾಶ್ ಗೇಮ್ ಕೌಶಲದ ದೊಡ್ಡ ಭಾಗ. ಅದು ಯಾವ ವಿಡಿಯೊದಲ್ಲೂ ಕಾಣುವುದಿಲ್ಲ.

ಎಲ್ಲೋ ಕ್ಯಾಲಿಫೋರ್ನಿಯಾದ ಶ್ರೀಮಂತರ ಆಟ, ನಮಗೇಕೆ ಎನ್ನಬಹುದು. ನಮಗೆ ಬೇಕು. ‘ಇದು ಕೌಶಲದ ಆಟ’ ಎಂಬ ಮಾತು ನಮ್ಮ ಮೊಬೈಲುಗಳಿಗೆ ವರ್ಷಗಟ್ಟಲೆ ಜಾಹೀರಾತಾಗಿ ಬಂದಿದೆ. ಆನ್‌ಲೈನ್ ಹಣದಾಟ ತಡೆಯಲು ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದುಪಡಿಸಿತು. ಅಲ್ಲಿಯೂ ಕೌಶಲದ ಆಟ ಬೇರೆ, ಅದೃಷ್ಟದ ಆಟ ಬೇರೆ ಎಂಬುದೇ ಮುಖ್ಯ ವಾದ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ಆ ಭೇದವನ್ನೇ ಬದಿಗಿಟ್ಟು, ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಕಾನೂನಿನ ಸರಿ ತಪ್ಪು ಏನೇ ಇರಲಿ, ಹಾಸ್ಟೆಲ್ ಕೋಣೆಗಳಲ್ಲಿ ಓಡಾಡುವ ತರ್ಕ ಬದಲಾಗಿಲ್ಲ: ಮೂರು ವಾರ ಗೆದ್ದೆ, ಹಾಗಾಗಿ ನನಗೆ ಆಟ ಗೊತ್ತು.

ಪೋಕರ್‌ನಲ್ಲಿ ಕೌಶಲ ಇದೆ ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಇಲ್ಲದಿದ್ದರೆ ಲಿಬ್ರಾಟಸ್ ಗೆಲ್ಲಲು ಸಾಧ್ಯವೇ ಇರಲಿಲ್ಲ. ಆದರೆ ಆಟದಲ್ಲಿ ಕೌಶಲ ಇದೆ ಎಂಬುದಕ್ಕೂ ಆಡುವವನಲ್ಲಿ ಕೌಶಲ ಇದೆ ಎಂಬುದಕ್ಕೂ ಅಜಗಜಾಂತರ. ಸಾವಿರ ಜನ ಸುಮ್ಮನೆ ನಾಣ್ಯ ಚಿಮ್ಮಿದರೂ ಸತತ ಐದು ಸಲ ಗೆಲ್ಲುವವರು ಮೂವತ್ತು ಜನ ಸಿಕ್ಕೇ ಸಿಗುತ್ತಾರೆ. ಅವರು ಗೆಲುವಿನ ಸ್ಕ್ರೀನ್‌ಶಾಟ್ ಹಂಚುತ್ತಾರೆ, ಉಳಿದ 970 ಜನ ಬಾಯಿ ಬಿಡುವುದಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವುದು ಎಂದು ಹಿರಿಯರು ಹೇಳಿದ್ದು ಇಂಥದ್ದಕ್ಕೇ. ಈ ಎತ್ತು ಗೆದ್ದದ್ದು ಓಟದಿಂದಲೋ, ಇಳಿಜಾರಿನಿಂದಲೋ ಎಂದು ಬಾಲ ಹಿಡಿದವನು ಕೇಳುವುದೇ ಇಲ್ಲ.

ಆದ್ದರಿಂದ ಗ್ಯಾರೆಟ್ ಆಗಲಿ, ರಾಬಿ ಆಗಲಿ, ಪಕ್ಕದ ಕೋಣೆಯ ಗೆಳೆಯನಾಗಲಿ, ಆಟಗಾರರನ್ನು ಅಳೆಯುವ ಮೊದಲು ಮೂರು ಪ್ರಶ್ನೆ ಕೇಳಿ. ಆ ಕ್ಷಣದಲ್ಲಿ ಅವರಿಗೆ ಏನು ಗೊತ್ತಿತ್ತು? ಗೊತ್ತಿದ್ದಷ್ಟರಲ್ಲಿ ನಿರ್ಧಾರ ಸರಿ ಇತ್ತೇ? ಇಂಥ ನಿರ್ಧಾರಗಳನ್ನು ನಾವು ಎಷ್ಟು ನೋಡಿದ್ದೇವೆ? ಮೂರನೆಯದಕ್ಕೆ ಉತ್ತರ ‘ಒಂದು’ ಅಥವಾ ‘ನೂರು’ ಆಗಿದ್ದರೆ ತೀರ್ಪನ್ನು ಜೇಬಿನಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ಪ್ರಶ್ನೆ ನಮ್ಮದೇ ಕೌಶಲದ ಬಗ್ಗೆ ಆಗಿದ್ದರೆ ಜೇಬಿನಲ್ಲಿ ತೀರ್ಪಿನ ಜೊತೆ ಪರ್ಸನ್ನೂ ಇಟ್ಟುಕೊಳ್ಳಬೇಕು. ನಾನು ಚೆನ್ನಾಗಿ ಆಡುತ್ತೇನೆ ಎಂದು ತಿಳಿಯಲು 864 ರಾತ್ರಿ ಬೇಕು. ಸೆಮಿಸ್ಟರ್ ಫೀಸು ಕಳೆದುಕೊಳ್ಳಲು ಒಂದೇ ರಾತ್ರಿ ಸಾಕು.