ಮಿಕ್ಸಿ ಕೊಳ್ಳುವ ಮುನ್ನ ಕಪ್ಲರ್ ಕೇಳಿ

ಅಂಗಡಿಯವರು ಮೊದಲು ಹೇಳುವುದೇ ವ್ಯಾಟ್. 500 ಸಾಲದು, 750 ತಗೊಳ್ಳಿ, 1000 ಇದ್ದರೆ ಇನ್ನೂ ಒಳ್ಳೆಯದು ಅಂತ. ದಿನಾ ಚಟ್ನಿ, ಸಾರಿನ ಮಸಾಲೆ ಅಷ್ಟೇ ಆದರೆ 500 ಸಾಕು. ದೋಸೆ ಹಿಟ್ಟೂ ಅದರಲ್ಲೇ ರುಬ್ಬುವವರು 750 ನೋಡಿ.

ನಮ್ಮ ಚಿಂತೆ ಬೇರೆ. ಮೋಟಾರಿನ ಮೇಲೆ ಜಾರು ಕೂರುವ ಕಡೆ ಹಲ್ಲು ಹಲ್ಲಾಗಿ ಇರುತ್ತದಲ್ಲ, ಅದೇ ಕಪ್ಲರ್. ಬಹುತೇಕ ಮೊದಲು ಸವೆಯುವುದು ಅದು. ಆಮೇಲೆ ಜಾರಿನ ಬುಷ್, ಮುಚ್ಚಳದ ವಾಶರ್. ಎಲ್ಲ ಸಣ್ಣ ಸಾಮಾನು. ಆದರೆ ನೀವು ಸಂತೆಗೆ ಹೋಗುವ ಊರಲ್ಲಿ ಅದು ಸಿಗದಿದ್ದರೆ ಸಾವಿರಾರು ರೂಪಾಯಿಯ ಮಿಕ್ಸಿ ಅಟ್ಟ ಸೇರುತ್ತದೆ, ಅಮ್ಮ ಮತ್ತೆ ಒರಳುಕಲ್ಲಿನ ಮುಂದೆ ಕೂರುತ್ತಾರೆ. ಹೆಸರೇ ಕೇಳದ ಕಂಪನಿಯದು ಆನ್‌ಲೈನಲ್ಲಿ ಅಗ್ಗಕ್ಕೆ ಸಿಕ್ಕರೂ ಬೇಡ ಅನ್ನುವುದು ಇದಕ್ಕೇ.

ದುಡ್ಡು ಕೊಡುವ ಮುಂಚೆ ರಿಪೇರಿ ಅಂಗಡಿಗೆ ಹೋಗಿ, ಯಾವ ಕಂಪನಿಯ ಸಾಮಾನು ಇಟ್ಟಿದ್ದೀರಿ ಅಂತ ಕೇಳಿ. ಮಾರುವವರಿಗಿಂತ ಅವರಿಗೇ ಚೆನ್ನಾಗಿ ಗೊತ್ತು.